ಎರವಲು ಎಂಜಿನ್, ಸ್ವಂತ ರೆಕ್ಕೆ

1930ರಲ್ಲಿ ಅಮೆರಿಕದ ಮಿನೆಸೋಟ ರಾಜ್ಯದ ಚೆರಿ ಗ್ರೋವ್ ಎಂಬ ಸಣ್ಣ ಊರಿನಿಂದ ಎರಡು ವಿಮಾನಗಳು ಮಿನಿಯಾಪೊಲಿಸ್ ಕಡೆಗೆ ಹೊರಟವು. ಒಂದು ಜಗಳ ಬಗೆಹರಿಸಲು ಹೊರಟ ಹಾರಾಟ ಅದು. ಕಾರಿನ ಎಂಜಿನ್ ವಿಮಾನಕ್ಕೆ ಆಗಿಬರುವುದಿಲ್ಲ ಎಂಬುದು ಮಿನೆಸೋಟದ ಮೆಕ್ಯಾನಿಕ್ಸ್ ಪತ್ರಿಕೆಯೊಂದರ ಸಂಪಾದಕ ವೆಸ್ಟನ್ ಫಾರ್ಮರ್‌ನ ಖಚಿತ ಅಭಿಪ್ರಾಯವಾಗಿತ್ತು. ಯಾವ ಕಾಲೇಜಿನ ಮೆಟ್ಟಿಲನ್ನೂ ಹತ್ತದೆ ಕೆಲಸ ಕಲಿತಿದ್ದ ಬರ್ನಾರ್ಡ್ ಪೀಟನ್‌ಪೋಲ್ ಪತ್ರ ಬರೆದು ವಾದಕ್ಕಿಳಿಯಲಿಲ್ಲ. ಫೋರ್ಡ್ ಮಾಡೆಲ್ ಎ ಕಾರಿನ ಎಂಜಿನ್ ಹೊತ್ತ ವಿಮಾನಗಳನ್ನೇ ಸಂಪಾದಕನ ಕಣ್ಣೆದುರು ತಂದು ಇಳಿಸಿದ. ಸಂಪಾದಕ ಸೋತ, ಮಾತ್ರವಲ್ಲ, ಆ ವಿಮಾನದ ನಕ್ಷೆಗಳನ್ನು ತಾನೇ ಅಚ್ಚು ಹಾಕಿಸಿದ. 'ಏರ್ ಕ್ಯಾಂಪರ್' ಎಂಬ ಆ ಮರ-ಬಟ್ಟೆಯ ಎರಡಾಳು ವಿಮಾನವನ್ನು ಜನ ಇವತ್ತಿಗೂ ತಮ್ಮ ಗ್ಯಾರೇಜುಗಳಲ್ಲಿ ಕಟ್ಟುತ್ತಿದ್ದಾರೆ.

ಅದರ ಚಿತ್ರ ನೋಡಿದವರಿಗೆ ಮೊದಲು ಕಣ್ಣಿಗೆ ಬೀಳುವುದು ಎಂಜಿನ್ ಮೇಲೆ, ಪೈಲಟ್‌ನ ನೋಟಕ್ಕೆ ಅಡ್ಡವಾಗಿ, ನೆಟ್ಟಗೆ ನಿಂತ ರೇಡಿಯೇಟರ್. ಬಾಗಿಲಿಗೆ ಅಡ್ಡ ಇಟ್ಟ ಕಪಾಟಿನ ಹಾಗೆ. ಅದನ್ನು ಬೇರೆಲ್ಲಿಡಬೇಕೆಂದು ಪೀಟನ್‌ಪೋಲ್‌ಗೆ ತೋಚಲಿಲ್ಲ ಎಂದಲ್ಲ. ಕಾರಿನ ಎಂಜಿನ್ ಬೇಕೆಂದರೆ ಅದರ ನೀರೂ ಬರುತ್ತದೆ, ನೀರಿನ ತೂಕವೂ ಬರುತ್ತದೆ. ಸುಮಾರು 110 ಕಿಲೋ ತೂಗುವ ಎಂಜಿನ್ ಕೊಡುತ್ತಿದ್ದುದು 40 ಅಶ್ವಶಕ್ತಿ. ಮನೆಯಲ್ಲಿ ಕಟ್ಟುವ ವಿಮಾನಗಳ ನೂರು ವರ್ಷಗಳ ಚರಿತ್ರೆಯನ್ನು ರೆಕ್ಕೆಗಳ ಚರಿತ್ರೆಯಾಗಿ ಬರೆಯುವುದು ವಾಡಿಕೆ. ನನಗೆ ಅದು ಎಂಜಿನ್ ಹುಡುಕಾಟದ ಚರಿತ್ರೆಯಾಗಿ ಕಾಣುತ್ತದೆ. ಮರ, ಬಟ್ಟೆ, ಅಲ್ಯೂಮಿನಿಯಂ ತಗಡು ಯಾವ ಊರಿನಲ್ಲೂ ಸಿಗುತ್ತವೆ, ಕೈ ಪಳಗಿದರೆ ರೆಕ್ಕೆ ಮೂಡುತ್ತದೆ. ಎಂಜಿನ್ ಮಾತ್ರ ಯಾವಾಗಲೂ ಎರವಲು. ಒಮ್ಮೆ ಮೋಟಾರ್ ಸೈಕಲ್‌ನಿಂದ, ಒಮ್ಮೆ ಕಾರಿನಿಂದ, ಮತ್ತೊಮ್ಮೆ ಹಿಮದ ಮೇಲೆ ಓಡುವ ಬಂಡಿಯಿಂದ.

ರೈಟ್ ಸೋದರರಿಗೂ ಈ ಹುಡುಕಾಟ ತಪ್ಪಲಿಲ್ಲ. 1903ರ ವಿಮಾನಕ್ಕೆ ಹಗುರ ಎಂಜಿನ್ ಬೇಕೆಂದು ಅವರು ಕಾರು ತಯಾರಕರಿಗೆ ಪತ್ರ ಬರೆದರು, ತಕ್ಕದ್ದು ಸಿಗಲಿಲ್ಲ. ಕೊನೆಗೆ ಅವರ ಸೈಕಲ್ ಅಂಗಡಿಯ ಮೆಕ್ಯಾನಿಕ್ ಚಾರ್ಲಿ ಟೇಲರ್ ಸುಮಾರು ಆರು ವಾರಗಳಲ್ಲಿ 12 ಅಶ್ವಶಕ್ತಿಯ ಎಂಜಿನ್ ಮಾಡಿಕೊಟ್ಟ. ಅದಕ್ಕೆ ಇಂದಿನ ಅರ್ಥದ ಕಾರ್ಬ್ಯುರೇಟರ್ ಕೂಡ ಇರಲಿಲ್ಲ. ಎಂಜಿನ್ನನ್ನೂ ತಾವೇ ಮಾಡಿಕೊಂಡ ಈ ಪರಂಪರೆ ಬಹುಮಟ್ಟಿಗೆ ಅಲ್ಲಿಗೇ ಮುಗಿಯಿತು. ಕೆಲವೇ ವರ್ಷಗಳಲ್ಲಿ ಪ್ಯಾರಿಸ್‌ನಲ್ಲಿದ್ದ ಬ್ರೆಜಿಲ್‌ನ ಸಾಂಟೋಸ್-ಡುಮೊ 'ಡೆಮೊಸೆಲ್' ಎಂಬ ಬಿದಿರಿನ ಪುಟ್ಟ ವಿಮಾನ ಮಾಡಿ, ಪೇಟೆಂಟ್ ತೆಗೆದುಕೊಳ್ಳದೆ ಲೋಕಕ್ಕೇ ಬಿಟ್ಟುಕೊಟ್ಟ. 1910ರಲ್ಲಿ ಅಮೆರಿಕದ 'ಪಾಪ್ಯುಲರ್ ಮೆಕ್ಯಾನಿಕ್ಸ್' ಅದರ ನಕ್ಷೆ ಪ್ರಕಟಿಸಿತು. ನಕ್ಷೆ ಪುಕ್ಕಟೆ, ಎಂಜಿನ್‌ಗೆ ಮಾತ್ರ ದುಡ್ಡು.

ಕಿಟ್ ಎಂಬ ಕಲ್ಪನೆಗೆ ಗಟ್ಟಿ ರೂಪ ಕೊಟ್ಟವರಲ್ಲಿ ಶಿಕಾಗೋದ ಎಡ್ ಹೀತ್ ಮೊದಲಿಗ. 1920ರ ದಶಕದ ಕೊನೆಯಲ್ಲಿ ಆತನ 'ಪ್ಯಾರಾಸೋಲ್' ವಿಮಾನದ ಬಿಡಿಭಾಗಗಳು ಪೆಟ್ಟಿಗೆಗಳಲ್ಲಿ ಮನೆಗೆ ಬರುತ್ತಿದ್ದವು; ಎಂಜಿನ್ ಹೆಂಡರ್ಸನ್ ಮೋಟಾರ್ ಸೈಕಲಿನದು. 1931ರಲ್ಲಿ ಹೊಸ ವಿಮಾನವೊಂದನ್ನು ಪರೀಕ್ಷಿಸುವಾಗ ಹೀತ್ ಸತ್ತ. ಆತನ ಕಂಪನಿ ಕೈ ಬದಲಾಯಿಸಿ, ಮುಂದೆ ರೇಡಿಯೊ ಹವ್ಯಾಸಿಗಳಿಗೆ ಪರಿಚಿತವಾದ 'ಹೀತ್‌ಕಿಟ್' ಆಯಿತು. ಬಿಡಿಭಾಗ ಮಾರಿ ಜನರಿಂದಲೇ ಜೋಡಣೆ ಮಾಡಿಸುವ ಬುದ್ಧಿ ವಿಮಾನದಿಂದ ರೇಡಿಯೊಗೆ ಹೋಯಿತೇ ಹೊರತು ರೇಡಿಯೊದಿಂದ ವಿಮಾನಕ್ಕೆ ಬಂದದ್ದಲ್ಲ.

ಫ್ರಾನ್ಸಿನ ಆಂರಿ ಮಿನ್ಯೆಯ ಕಥೆ ಮತ್ತಷ್ಟು ರಂಗಿನದು, ಮತ್ತಷ್ಟು ಕಹಿ. 1933ರಲ್ಲಿ ಹಾರಿದ ಆತನ 'ಪೂ ದ್ಯು ಸಿಯೆಲ್', ಅಂದರೆ ಆಕಾಶದ ಹೇನು, ಒಂದರ ಹಿಂದೊಂದು ರೆಕ್ಕೆ ಹೊತ್ತು, ಪಕ್ಕಕ್ಕೆ ವಾಲಿಸುವ ಐಲೆರಾನ್ ಪಟ್ಟಿಗಳಿಲ್ಲದೆ ಹಾರುತ್ತಿತ್ತು. ಎಂಜಿನ್ ಸುಮಾರು 500 ಸಿಸಿಯ ಎರಡು ಸ್ಟ್ರೋಕಿನದು. ಮಾರನೆಯ ವರ್ಷ ಆತ ಬರೆದ ಪುಸ್ತಕ ಸಾವಿರಾರು ಜನರ ಕೈಗೆ ಗರಗಸ ಕೊಟ್ಟಿತು. ಇಂಗ್ಲಿಷರು ಅದನ್ನು 'ಫ್ಲೈಯಿಂಗ್ ಫ್ಲೀ' ಎಂದರು, ಹೇನು ಇಂಗ್ಲಿಷ್ ಕಾಲುವೆ ದಾಟಿ ಚಿಗಟವಾಯಿತು. ಅಲ್ಲಿ ಯುದ್ಧ ಟ್ಯಾಂಕ್ ವಿನ್ಯಾಸಕ ಸರ್ ಜಾನ್ ಕಾರ್ಡನ್ ಫೋರ್ಡ್ ಕಾರಿನ ಎಂಜಿನ್ನನ್ನೇ ತಿದ್ದಿ 31 ಅಶ್ವಶಕ್ತಿಯದಾಗಿಸಿ ಇದಕ್ಕೆ ಕೂಡಿಸಿದ. ಆದರೆ ಸಾವುಗಳು ಒಂದರ ಹಿಂದೊಂದು ಬಂದವು. ಫ್ರಾನ್ಸ್ ಮತ್ತು ಬ್ರಿಟನ್ ಎರಡೂ ಕಡೆ ಪೂರ್ಣ ಗಾತ್ರದ ವಿಮಾನವನ್ನು ಗಾಳಿ ಸುರಂಗದಲ್ಲಿಟ್ಟು ನೋಡಿದಾಗ, ಮೂಗು ಒಂದು ಮಿತಿಗಿಂತ ಕೆಳಗಿಳಿದರೆ ಎರಡು ರೆಕ್ಕೆಗಳ ನಡುವಿನ ಗಾಳಿಯ ಹರಿವೇ ಅದನ್ನು ಮತ್ತಷ್ಟು ಕೆಳಗೆ ತಳ್ಳುತ್ತದೆ, ಪೈಲಟ್ ಕಡ್ಡಿ ಎಳೆದರೂ ಮೂಗು ಮೇಲೇಳುವುದಿಲ್ಲ ಎಂದು ಗೊತ್ತಾಯಿತು. ಹುಚ್ಚು ಇಳಿಯಲು ಎರಡು ವರ್ಷವೂ ಹಿಡಿಯಲಿಲ್ಲ. ಇಡೀ ಈ ಚರಿತ್ರೆಯಲ್ಲಿ ರೆಕ್ಕೆಯೇ ಕೈಕೊಟ್ಟ ದೊಡ್ಡ ಪ್ರಸಂಗ ಇದೊಂದೇ ಎಂದು ಹೇಳಿದರೆ ಅತಿಯಾಗದು.

ಅಮೆರಿಕದಲ್ಲಿ ಕಾನೂನು ಬೇರೆ ರೀತಿ ಅಡ್ಡ ಬಂತು. 1930ರ ದಶಕದಲ್ಲಿ ಪರವಾನಗಿ ನಿಯಮಗಳು ಬಿಗಿಯಾದಂತೆ ಮನೆಯಲ್ಲಿ ಕಟ್ಟಿದ ವಿಮಾನ ಹಾರಿಸುವುದೇ ಬಹುತೇಕ ರಾಜ್ಯಗಳಲ್ಲಿ ಅಸಾಧ್ಯವಾಯಿತು. ಆರಿಗನ್ ಮಾತ್ರ ಬಾಗಿಲು ತೆರೆದಿಟ್ಟಿತ್ತು. ಅಲ್ಲಿನ ಜಾರ್ಜ್ ಬೊಗಾರ್ಡಸ್ 1947ರಲ್ಲಿ ತನ್ನ ಪುಟ್ಟ ವಿಮಾನದಲ್ಲಿ ದೇಶದ ಈ ತುದಿಯಿಂದ ಆ ತುದಿಗೆ, ವಾಷಿಂಗ್ಟನ್‌ವರೆಗೆ ಹಾರಿಹೋಗಿ ಅಧಿಕಾರಿಗಳನ್ನು ಒಪ್ಪಿಸಲು ನಿಂತ. ಅರ್ಜಿಯ ಜೊತೆ ಸಾಕ್ಷಿಯನ್ನೂ ಹಾರಿಸಿಕೊಂಡು ಹೋಗುವುದು ಈ ಜನರ ಹಳೆಯ ಚಾಳಿ. ಕೊನೆಗೆ ಹವ್ಯಾಸಿಗಳು ಕಟ್ಟಿದ ವಿಮಾನಕ್ಕೆ 'ಪ್ರಾಯೋಗಿಕ' ಎಂಬ ವರ್ಗ ಹುಟ್ಟಿತು. 1953ರ ಜನವರಿಯಲ್ಲಿ ಪಾಲ್ ಪೊಬೆರೆಜ್ನಿ ವಿಸ್ಕಾನ್ಸಿನ್‌ನಲ್ಲಿ ಎಕ್ಸ್‌ಪೆರಿಮೆಂಟಲ್ ಏರ್‌ಕ್ರಾಫ್ಟ್ ಅಸೋಸಿಯೇಶನ್ ಕಟ್ಟಿದ. ಅದರ ವಾರ್ಷಿಕ ಜಾತ್ರೆ 1970ರಿಂದ ಅದೇ ರಾಜ್ಯದ ಆಷ್‌ಕಾಷ್‌ನಲ್ಲಿ ನಡೆಯುತ್ತಿದೆ. ವಿಮಾನದ ಅರ್ಧಕ್ಕಿಂತ ಹೆಚ್ಚು ಕೆಲಸವನ್ನು ಹವ್ಯಾಸಿಯೇ, ಕಲಿಕೆಗಾಗಿ ಅಥವಾ ಮನರಂಜನೆಗಾಗಿ ಮಾಡಿರಬೇಕು ಎಂಬುದು ಆ ವರ್ಗದ ಮೂಲ ಷರತ್ತು. ಶೇ 51ರ ನಿಯಮ ಎಂದೇ ಅದಕ್ಕೆ ಹೆಸರು. ಎಂಜಿನ್ನನ್ನು ಕೊಂಡು ತಂದರೆ ಈ ಷರತ್ತಿಗೆ ಭಂಗವಿಲ್ಲ. ಎರವಲನ್ನು ಕಾನೂನೂ ಒಪ್ಪಿಕೊಂಡಂತಾಯಿತು.

ಆಮೇಲಿನ ರೆಕ್ಕೆಗಳ ಕಥೆ ಬೇಗ ಹೇಳಬಹುದು. ಬರ್ಟ್ ರುಟಾನ್ 1970ರ ದಶಕದಲ್ಲಿ ಫೋಮ್ ಮೇಲೆ ಗಾಜಿನ ನಾರು ಹೊದಿಸಿ 'ವ್ಯಾರಿ-ಈಝಿ', 'ಲಾಂಗ್-ಈಝಿ' ಕಟ್ಟಿದ. ಆರಿಗನ್‌ನ ರಿಚರ್ಡ್ ವ್ಯಾನ್‌ಗ್ರನ್ಸ್‌ವೆನ್ ಅಲ್ಯೂಮಿನಿಯಂ ತಗಡು ಮತ್ತು ರಿವೆಟ್‌ಗಳನ್ನೇ ನಂಬಿದ. ಆತನ ಆರ್‌ವಿ ಸರಣಿಯ 11,000ಕ್ಕೂ ಹೆಚ್ಚು ವಿಮಾನಗಳು ಹಾರಿವೆ, ಕಿಟ್ ಲೋಕದಲ್ಲಿ ಅದಕ್ಕೆ ಸಾಟಿಯಿಲ್ಲ. ಇಷ್ಟು ದೊಡ್ಡ ಕಂಪನಿಯೂ 2023ರ ಡಿಸೆಂಬರಿನಲ್ಲಿ ದಿವಾಳಿ ರಕ್ಷಣೆ ಕೋರಬೇಕಾಯಿತು. ಲೇಸರಿನಿಂದ ಕೊರೆದ ರಂಧ್ರಗಳ ಅಂಚಿನಲ್ಲಿ ಬಿರುಕು ಕಂಡದ್ದು ಅದರ ಕಾರಣಗಳಲ್ಲೊಂದು. ಮುಂದಿನ ವರ್ಷ ಅದು ಚೇತರಿಸಿಕೊಂಡಿತು.

ಎಂಜಿನ್ ಇಲ್ಲದ ಕನಸು ಎಲ್ಲಿಗೆ ಮುಟ್ಟುತ್ತದೆ ಎಂಬುದಕ್ಕೆ ಜಿಮ್ ಬೀಡೆಯ ಬಿಡಿ-5 ಕಣ್ಣಿಗೆ ಕಟ್ಟುವ ಸಾಕ್ಷಿ. 1970ರ ದಶಕದ ಆರಂಭದಲ್ಲಿ ಜಾಹೀರಾತು ಕಂಡ ಜನ ಮುಗಿಬಿದ್ದರು: ಒಂಟಿ ಸೀಟು, ಬೆನ್ನಿನಲ್ಲಿ ಪ್ರೊಪೆಲರ್, ಬಾಣದಂಥ ಆಕಾರ. 5,000ಕ್ಕೂ ಹೆಚ್ಚು ಕಿಟ್‌ಗಳು ಮಾರಾಟವಾದವು. ಆಯ್ದುಕೊಂಡ ಎರಡು ಸ್ಟ್ರೋಕ್ ಎಂಜಿನ್ ಕೈಕೊಟ್ಟಿತು, ಬದಲಿಗೆ ತಂದ ಜರ್ಮನಿಯ ಹಿರ್ತ್ ಕಂಪನಿಯೇ ಮುಳುಗಿತು, ಆಮೇಲೆ ಜಪಾನಿನ ಎಂಜಿನ್‌ಗೆ ಕೈ ಚಾಚಿದರು. ಅಷ್ಟರಲ್ಲಿ ಬೀಡೆಯ ಕಂಪನಿಯೂ ದಿವಾಳಿಯಾಯಿತು. ಸಾವಿರಾರು ಮನೆಗಳ ಗ್ಯಾರೇಜುಗಳಲ್ಲಿ ಹೊಳೆಯುವ ಬಾಣಗಳು ಎಂಜಿನ್ ಬರುವುದನ್ನು ಕಾಯುತ್ತಾ ಮಲಗಿದವು. ಮದುವೆ ಮನೆಯಲ್ಲಿ ಚಪ್ಪರ ಹಾಕಿ, ಅಡುಗೆ ಮಾಡಿ, ಗಂಡನ್ನು ಮಾತ್ರ ನಾಳೆ ಹುಡುಕೋಣ ಎಂದ ಹಾಗೆ.

ಇದೇ ದಶಕದಲ್ಲಿ ಇನ್ನೊಂದು ತುದಿಯಿಂದ ಅಲ್ಟ್ರಾಲೈಟ್ ಎಂಬ ಅತಿ ಹಗುರ ವಿಮಾನ ಹುಟ್ಟಿತು. 1975ರಲ್ಲಿ ವಿಸ್ಕಾನ್ಸಿನ್‌ನ ಜಾನ್ ಮೂಡಿ ತನ್ನ ಹ್ಯಾಂಗ್ ಗ್ಲೈಡರಿಗೆ ಗೋ-ಕಾರ್ಟ್‌ನ ಪುಟ್ಟ ಮೆಕಲಕ್ ಎಂಜಿನ್ ಕಟ್ಟಿ ಕಾಲಿನಿಂದಲೇ ಓಡಿ ಹಾರಿದ. ಏಳು ವರ್ಷಗಳಲ್ಲಿ ಅಮೆರಿಕ ಈ ಬಗೆಗೆ ಪ್ರತ್ಯೇಕ ನಿಯಮವನ್ನೇ ಬರೆಯಿತು: ಒಬ್ಬನೇ ಕೂರಬೇಕು, ಖಾಲಿ ತೂಕ 254 ಪೌಂಡಿಗಿಂತ ಕಡಿಮೆ ಇರಬೇಕು, ಐದು ಗ್ಯಾಲನ್‌ಗಿಂತ ಹೆಚ್ಚು ಪೆಟ್ರೋಲ್ ಒಯ್ಯುವಂತಿಲ್ಲ. ಆಸ್ಟ್ರಿಯಾದ ರೋಟ್ಯಾಕ್ಸ್ ಕಂಪನಿಗೆ ಇದು ವರವಾಯಿತು. ಕೆನಡಾದ ಬೊಂಬಾರ್ಡಿಯರ್‌ನ ಹಿಮಬಂಡಿಗಳಿಗೆ ಮಾಡುತ್ತಿದ್ದ ಎರಡು ಸ್ಟ್ರೋಕ್ ಎಂಜಿನ್‌ಗಳನ್ನು ಅದು ಆಕಾಶಕ್ಕೆ ಒಗ್ಗಿಸಿತು. 503, 582 ಎಂಬ ಸಂಖ್ಯೆಗಳು ಹವ್ಯಾಸಿಗಳ ಬಾಯಲ್ಲಿ ನೆಂಟರ ಹೆಸರಿನಂತೆ ಆಡತೊಡಗಿದವು.

ಬೆಂಗಳೂರು ಈ ಕಥೆಯೊಳಗೆ ಬರುವುದು ಇಲ್ಲಿ. ನಗರದ ರಾಜಹಂಸ ಅಲ್ಟ್ರಾಲೈಟ್ಸ್ ತಯಾರಿಸಿದ 'ಎಕ್ಸ್-ಏರ್' ಕಿಟ್‌ಗಳು ಫ್ರಾನ್ಸ್, ಬ್ರಿಟನ್, ಆಸ್ಟ್ರೇಲಿಯಾಗಳ ಕೊಟ್ಟಿಗೆಗಳಲ್ಲಿ ಜೋಡಣೆಗೊಂಡು ಹಾರಿದವು. ಅವುಗಳಲ್ಲೊಂದು ಮಾದರಿಯ ಹೆಸರು 'ಹನುಮಾನ್'. ಸಾಗರ ದಾಟುವ ವಾಹನಕ್ಕೆ ಇದಕ್ಕಿಂತ ತಕ್ಕ ಹೆಸರು ಸಿಗುವುದು ಕಷ್ಟ. ಅದೇ ಊರಿನ ರಾಷ್ಟ್ರೀಯ ವೈಮಾಂತರಿಕ್ಷ ಪ್ರಯೋಗಾಲಯ, ನಮ್ಮ ಬಾಯಲ್ಲಿ ಎನ್‌ಎಎಲ್, 1980ರ ದಶಕದಲ್ಲಿ ರುಟಾನ್‌ನ ಲಾಂಗ್-ಈಝಿ ವಿನ್ಯಾಸವನ್ನೇ ಆಧರಿಸಿ ಒಂದು ಹಗುರ ಸಂಶೋಧನಾ ವಿಮಾನ ಕಟ್ಟಿ ಹಾರಿಸಿತು. ಗಾಜಿನ ನಾರಿನ ಕೆಲಸ ಅಲ್ಲಿ ಪಳಗಿತು, ಆಮೇಲೆ ಬಂದದ್ದು ಪ್ರಯೋಗಾಲಯದ್ದೇ 'ಹಂಸ' ವಿಮಾನ. ಅದಕ್ಕೂ ಎಂಜಿನ್ ರೋಟ್ಯಾಕ್ಸ್‌ನದೇ. ಸರ್ಕಾರಿ ಪ್ರಯೋಗಾಲಯವೂ ಹಿತ್ತಲಿನ ಹವ್ಯಾಸಿಯಿಂದ ಪಾಠ ಕಲಿಯಿತು ಎಂಬುದು ನನಗೆ ಈ ಇಡೀ ಚರಿತ್ರೆಯ ಅತಿ ಸೊಗಸಾದ ತಿರುವು.

ಇನ್ನು ಟ್ಯೂನಿಂಗ್. ಬೈಕ್ ಓಡಿಸುವ ಹುಡುಗರಿಗೆ ಆ ಮಾತಿನ ಅರ್ಥ ಒಂದೇ: ಇನ್ನಷ್ಟು ವೇಗ, ಇನ್ನಷ್ಟು ಸದ್ದು. ವಿಮಾನದವನಿಗೆ ಬೇಕಾದದ್ದು ನಿಲ್ಲದ ಎಂಜಿನ್. ಹೆದ್ದಾರಿಯಲ್ಲಿ ಹೋಗುವ ಕಾರು ತನ್ನ ಶಕ್ತಿಯ ಕಾಲು ಭಾಗದಷ್ಟೂ ಬಳಸುವುದು ಅಪರೂಪ. ಹಗುರ ವಿಮಾನ ನೆಲ ಬಿಡುವಾಗ ಪೂರ್ತಿ ಶಕ್ತಿ ಕೇಳುತ್ತದೆ, ಆಮೇಲೆ ಗಂಟೆಗಟ್ಟಲೆ ಮುಕ್ಕಾಲು ಭಾಗ. ಕಾರಿನ ಎಂಜಿನ್‌ಗೆ ಇದು ಮುಗಿಯದ ಶಿರಾಡಿ ಘಾಟಿ ಹತ್ತಿದಂತೆ.

ಮೊದಲ ತೊಡಕು ಪ್ರೊಪೆಲರಿನದು. ಅದರ ತುದಿ ಶಬ್ದದ ವೇಗವನ್ನು ಸಮೀಪಿಸಿದರೆ ಶಕ್ತಿಯೆಲ್ಲ ಸದ್ದಾಗಿ ಹಾಳಾಗುತ್ತದೆ. ಉದ್ದ ಪ್ರೊಪೆಲರ್ ನಿಧಾನವಾಗಿ ಸುತ್ತಿದರೆ ಒಳ್ಳೆಯದು, ಆದರೆ ಸಣ್ಣ ಎಂಜಿನ್ ಶಕ್ತಿ ಕೊಡುವುದೇ ಜೋರಾಗಿ ಸುತ್ತಿದಾಗ. ಫೋಕ್ಸ್‌ವ್ಯಾಗನ್ ಬೀಟಲ್ ಕಾರಿನ ಎಂಜಿನ್ನಿಗೆ, ಗಾಳಿಯಿಂದಲೇ ತಣ್ಣಗಾಗುವ ಅದರ ಗುಣ ನೋಡಿ, ಯುರೋಪಿನ ಮತ್ತು ಅಮೆರಿಕದ ಹವ್ಯಾಸಿಗಳು ಮರುಳಾದರು. ನೇರವಾಗಿ ಪ್ರೊಪೆಲರ್ ಸಿಕ್ಕಿಸಿದರು. ಹಾಗೆ ಸಿಕ್ಕಿಸಿದಾಗ ಪ್ರೊಪೆಲರ್ ಗಿಡ್ಡವಾಗಬೇಕು, ಎಂಜಿನ್ ತನ್ನ ಪೂರ್ತಿ ಶಕ್ತಿಯ ವೇಗಕ್ಕಿಂತ ಕೆಳಗೇ ದುಡಿಯಬೇಕು. ಎರಡೂ ಕಡೆ ಅರೆಹೊಟ್ಟೆ. ಶೆವ್ರೊಲೆ ಕೊರ್ವೇರ್ ಎಂಜಿನ್‌ಗಳಲ್ಲಿ, ವಿಮಾನ ತಿರುಗುವಾಗ ಪ್ರೊಪೆಲರ್ ಹಾಕುವ ಬಾಗುವ ಒತ್ತಡಕ್ಕೆ ಕ್ರ್ಯಾಂಕ್‌ಶಾಫ್ಟ್ ಮುರಿದದ್ದೂ ಉಂಟು. ಅದಕ್ಕೆ ಮುಂದೆ ಇನ್ನೊಂದು ಬೇರಿಂಗ್ ಸೇರಿಸಿ ಪರಿಹಾರ ಕಂಡುಕೊಂಡರು.

ಗೇರ್ ಅಥವಾ ಬೆಲ್ಟ್ ಹಾಕಿ ವೇಗ ಇಳಿಸುವುದು ಎರಡನೇ ದಾರಿ. ಸುಬಾರು, ಸುಝುಕಿ ಕಾರುಗಳ ಎಂಜಿನ್‌ಗಳು, ಮಾಜ್ದಾದ ರೋಟರಿ, ಎಲ್ಲವೂ ಹೀಗೆ ಗಾಳಿಗೇರಿದವು. ಇಲ್ಲಿ ಒಂದು ಮಾತು ಖಡಾಖಂಡಿತವಾಗಿ ಹೇಳಬೇಕು: ಕಾರಿನ ಎಂಜಿನ್ ಒಳಗಿನ ಪಿಸ್ಟನ್, ಕ್ರ್ಯಾಂಕ್ ಮುರಿದು ಬಿದ್ದ ವಿಮಾನಗಳಿಗಿಂತ, ಎಂಜಿನ್ನಿನ ಹೊರಗೆ ಕಟ್ಟಿದವನೇ ಜೋಡಿಸಿದ ಗೇರ್, ರೇಡಿಯೇಟರ್, ವೈರಿಂಗ್, ಪೆಟ್ರೋಲ್ ಪೈಪು ಕೈಕೊಟ್ಟು ಬಿದ್ದ ವಿಮಾನಗಳ ಕಥೆಗಳೇ ಹೆಚ್ಚು. ವಿಮಾನಕ್ಕೆಂದೇ ಮಾಡಿದ ಲೈಕಮಿಂಗ್, ಕಾಂಟಿನೆಂಟಲ್ ಎಂಜಿನ್‌ಗಳು ಹಳೆಯ ಕಾಲದ ಟ್ರ್ಯಾಕ್ಟರಿನಂತೆ ಕಂಡರೂ ಅವುಗಳ ಮ್ಯಾಗ್ನೆಟೊ ಬ್ಯಾಟರಿ ಸತ್ತರೂ ತನ್ನ ಕಿಡಿಯನ್ನು ತಾನೇ ಹುಟ್ಟಿಸುತ್ತದೆ. ಕಾರಿನ ಎಂಜಿನ್‌ಗೆ ಒಂದು ವೈರ್ ಕಳಚಿದರೆ ಮುಗಿಯಿತು. ಅಗ್ಗವೆಂದು ಕಾರಿನ ಎಂಜಿನ್ ಆರಿಸಿಕೊಂಡವನು ಉಳಿಸಿದ ದುಡ್ಡನ್ನು ವರ್ಷಗಳ ದುಡಿಮೆಯಾಗಿ ತೆತ್ತಿರುತ್ತಾನೆ. ದುಡಿಮೆಯೇ ಹವ್ಯಾಸವೆಂದರೆ ನನ್ನ ತಕರಾರಿಲ್ಲ.

ಎರಡು ಸ್ಟ್ರೋಕ್ ಎಂಜಿನ್ನಿನ ಟ್ಯೂನಿಂಗ್ ನಮ್ಮವರಿಗೆ ಹೊಸದೇನಲ್ಲ. ಮೈಸೂರಿನಲ್ಲಿ ತಯಾರಾದ ಜಾವಾ, ಯೆಜ್ಡಿಗಳನ್ನು ಸಾಕಿದವರಿಗೆ ಪ್ಲಗ್ ಬಿಚ್ಚಿ ಅದರ ಮುಖ ಓದುವುದು ಗೊತ್ತು. ಹಾಲು ಹೆಚ್ಚಾದ ಕಾಫಿಯ ಬಣ್ಣವಿದ್ದರೆ ಕ್ಷೇಮ, ಕಪ್ಪಗೆ ಒದ್ದೆಯಾಗಿದ್ದರೆ ಪೆಟ್ರೋಲ್ ಜಾಸ್ತಿ, ಬೆಳ್ಳಗೆ ಸುಟ್ಟಿದ್ದರೆ ಗಾಳಿ ಜಾಸ್ತಿ. ರೋಟ್ಯಾಕ್ಸ್ 503ರವನೂ ಮಾಡುವುದು ಅದನ್ನೇ. ವ್ಯತ್ಯಾಸ ಇಷ್ಟೆ: ಪೆಟ್ರೋಲ್ ಜಾಸ್ತಿಯಾದರೆ ಶಕ್ತಿ ಕುಂದುತ್ತದೆ, ಗಾಳಿ ಜಾಸ್ತಿಯಾದರೆ ಪಿಸ್ಟನ್ ಸೀಜ್ ಆಗುತ್ತದೆ, ಇಲ್ಲವೇ ಅದರ ತಲೆಗೆ ತೂತು ಬೀಳುತ್ತದೆ. ಆಗ ಯೆಜ್ಡಿಯವನು ರಸ್ತೆ ಬದಿಗೆ ತಳ್ಳಿಕೊಂಡು ಹೋದಾನು, ಆಕಾಶದಲ್ಲಿರುವವನಿಗೆ ಆ ಅನುಕೂಲವಿಲ್ಲ. ಅದಕ್ಕೇ ವಿಮಾನದಲ್ಲಿ ಸುಟ್ಟ ಗಾಳಿಯ ಬಿಸಿ ಮತ್ತು ಸಿಲಿಂಡರ್ ತಲೆಯ ಬಿಸಿ ಎರಡಕ್ಕೂ ಗೇಜುಗಳಿರುತ್ತವೆ.

ಪ್ರೊಪೆಲರಿನ ಕೋನವೂ ಕಾರ್ಬ್ಯುರೇಟರಿನಲ್ಲಿ ಪೆಟ್ರೋಲ್ ಅಳೆದು ಬಿಡುವ ಜೆಟ್ಟಿನಷ್ಟೇ ಮುಖ್ಯ ಎಂಬುದನ್ನು ಹೊಸಬರು ಮರೆಯುತ್ತಾರೆ. ಪ್ರೊಪೆಲರಿನ ವೇಗ ಇಮ್ಮಡಿಯಾದರೆ ಅದು ನುಂಗುವ ಶಕ್ತಿ ಎಂಟು ಪಟ್ಟು. ಎಲೆಯನ್ನು ಹೆಚ್ಚು ವಾಲಿಸಿದರೆ ಎಂಜಿನ್ ಭಾರಕ್ಕೆ ಏದುಸಿರು ಬಿಡುತ್ತದೆ, ಸಿಲಿಂಡರ್ ತಲೆ ಕಾಯುತ್ತದೆ. ಕಡಿಮೆ ವಾಲಿಸಿದರೆ ಎಂಜಿನ್ ಹಗುರವಾಗಿ ಸುಮ್ಮನೆ ಕಿರುಚುತ್ತದೆ, ಹೊಗೆಯ ಬಿಸಿ ಏರುತ್ತದೆ. ಒಂದನ್ನು ಮುಟ್ಟದೆ ಇನ್ನೊಂದನ್ನು ಸರಿಪಡಿಸಲು ಹೊರಟವನು ವಾರಗಟ್ಟಲೆ ಜೆಟ್ ಬದಲಾಯಿಸುತ್ತಾ ಕೂರುತ್ತಾನೆ. ಇಳಿಯುವಾಗ ಇನ್ನೊಂದು ಅಪಾಯ. ಥ್ರಾಟಲ್ ಮುಚ್ಚಿದ್ದರೂ ಎದುರು ಗಾಳಿ ಪ್ರೊಪೆಲರನ್ನು ತಿರುಗಿಸುತ್ತಿರುತ್ತದೆ. ಪೆಟ್ರೋಲಿನ ಜೊತೆಯಲ್ಲೇ ಬರುವ ಆಯಿಲ್ ಆಗ ಸಾಲದು. ಘಾಟಿ ಇಳಿಯುವಾಗ ನಡುನಡುವೆ ಆಕ್ಸಿಲರೇಟರ್ ತಿರುವುತ್ತಿದ್ದ ಹಳೆಯ ಸವಾರರು ಈ ಪಾಠವನ್ನು ವಿಮಾನ ಕಾಣದೆಯೇ ಕಲಿತಿದ್ದರು.

ಎತ್ತರದ ಲೆಕ್ಕವೂ ಇದೆ. ಬೆಂಗಳೂರಿನ ಜಕ್ಕೂರು ವಿಮಾನ ಮೈದಾನ ಸಮುದ್ರಮಟ್ಟದಿಂದ ಸುಮಾರು 3,000 ಅಡಿ ಮೇಲಿದೆ. ಅಲ್ಲಿನ ಗಾಳಿ ಕರಾವಳಿಯದಕ್ಕಿಂತ ಶೇ 9ರಷ್ಟು ತೆಳು, ಏಪ್ರಿಲ್ ಮಧ್ಯಾಹ್ನವಾದರೆ ಮತ್ತೂ ತೆಳು. ಕರಾವಳಿಯಲ್ಲಿ ಹೊಂದಿಸಿದ ಎಂಜಿನ್ ಅಲ್ಲಿಗೆ ಬಂದರೆ ಪೆಟ್ರೋಲ್ ಹೆಚ್ಚಾಗಿ ಮಂಕಾಗುತ್ತದೆ, ಅಷ್ಟೆ. ಅಲ್ಲಿ ಹೊಂದಿಸಿದ್ದನ್ನು ಜೆಟ್ ಬದಲಿಸದೆ ಮಂಗಳೂರಿಗೆ ಇಳಿಸಿದರೆ ದಟ್ಟ ಗಾಳಿಗೆ ಪೆಟ್ರೋಲ್ ಸಾಲದೆ ಸೀಜ್ ಆಗುವ ಭಯ. ತಪ್ಪು ಒಂದೇ ಬಗೆಯದಾದರೂ ದಿಕ್ಕಿಗೆ ತಕ್ಕಂತೆ ಅದರ ದಂಡ ಬೇರೆ.

1989ರಲ್ಲಿ ಪ್ರಮಾಣಪತ್ರ ಪಡೆದ ರೋಟ್ಯಾಕ್ಸ್ 912 ಈ ಕ್ಷೇತ್ರದ ಮುಖವನ್ನೇ ಬದಲಿಸಿತು. ನಾಲ್ಕು ಸ್ಟ್ರೋಕ್, ತಲೆಗೆ ನೀರು, ಸಿಲಿಂಡರಿಗೆ ಗಾಳಿ. 100 ಅಶ್ವಶಕ್ತಿಯ ಮಾದರಿ 5,800 ಸುತ್ತು ತಿರುಗಿದರೆ 2.43ರ ಗೇರ್ ಅದನ್ನು ಪ್ರೊಪೆಲರಿನಲ್ಲಿ 2,400ರ ಆಸುಪಾಸಿಗೆ ಇಳಿಸುತ್ತದೆ. ತೂಕ 60 ಕಿಲೋದ ಆಸುಪಾಸು, ಪೀಟನ್‌ಪೋಲ್ ಹೊತ್ತದ್ದರ ಹೆಚ್ಚುಕಡಿಮೆ ಅರ್ಧ. ಇದರ ಟ್ಯೂನಿಂಗ್ ಎಂದರೆ ಮುಖ್ಯವಾಗಿ ಎರಡು ಕಾರ್ಬ್ಯುರೇಟರುಗಳ ಹೊಂದಾಣಿಕೆ. ಎಡದ ಎರಡು ಸಿಲಿಂಡರಿಗೆ ಒಂದು, ಬಲದ ಎರಡಕ್ಕೆ ಇನ್ನೊಂದು. ಕೇಬಲ್ ಕೂದಲೆಳೆಯಷ್ಟು ಹೆಚ್ಚುಕಡಿಮೆಯಾದರೂ ಎಂಜಿನ್ ಜೋಡೆತ್ತಿನಲ್ಲಿ ಒಂದು ಮುಂದೆ ಒಂದು ಹಿಂದೆ ಎಳೆದಂತೆ ನಡುಗುತ್ತದೆ, ಗೇರ್‌ಬಾಕ್ಸ್ ಸವೆಯುತ್ತದೆ. ಎರಡು ವ್ಯಾಕ್ಯೂಮ್ ಗೇಜ್ ಹಚ್ಚಿ ಮುಳ್ಳುಗಳು ಒಟ್ಟಿಗೆ ಆಡುವವರೆಗೆ ತಿರುಪು ತಿರುಗಿಸಬೇಕು. ಆಯಿಲ್ ನೋಡುವುದಕ್ಕೂ ಒಂದು ಕ್ರಮವಿದೆ. ಆಯಿಲ್ ಬೇರೆ ಟ್ಯಾಂಕಿನಲ್ಲಿರುವುದರಿಂದ, ಪ್ರೊಪೆಲರನ್ನು ಕೈಯಿಂದ ನಿಧಾನವಾಗಿ ತಿರುಗಿಸುತ್ತಾ ಹೋಗಬೇಕು. ಎಂಜಿನ್ ಒಳಗಿನ ಆಯಿಲ್ಲೆಲ್ಲ ಟ್ಯಾಂಕಿಗೆ ಮರಳಿದಾಗ ಅದು ಗುಳಗುಳ ಎಂದು ತೇಗುತ್ತದೆ. ತೇಗಿನ ಮೇಲೇ ಅಳತೆ ಕಡ್ಡಿ ಅದ್ದುವುದು.

ಪೆಟ್ರೋಲಿನ ಗುಣ ಈಗ ಹೊಸ ತಲೆನೋವು. ಈ ಎಂಜಿನ್ನಿಗೆ ತಯಾರಕರು ಒಪ್ಪಿದ ಎಥನಾಲ್ ಮಿತಿ ಶೇ 10. ನಮ್ಮ ಬಂಕುಗಳಲ್ಲಿ ಸಿಗುತ್ತಿರುವುದು ಶೇ 20ರದು. ಎಥನಾಲ್ ನೀರನ್ನು ಹೀರಿಕೊಳ್ಳುತ್ತದೆ, ಕೆಲವು ರಬ್ಬರ್ ಪೈಪುಗಳನ್ನೂ ಗಾಜಿನ ನಾರಿನ ಟ್ಯಾಂಕುಗಳನ್ನೂ ಮೆತ್ತಗಾಗಿಸುತ್ತದೆ. ಮಲೆನಾಡಿನಂಥ ತೇವದ ಹವೆಯಲ್ಲಿ ಕಾರ್ಬ್ಯುರೇಟರಿನ ಕಾಟ ಇನ್ನೊಂದು: ಹೊರಗೆ 20 ಡಿಗ್ರಿ ಇದ್ದರೂ, ಪೆಟ್ರೋಲ್ ಆವಿಯಾಗುವ ತಂಪಿಗೆ ಒಳಗೆ ಮಂಜುಗಡ್ಡೆ ಕಟ್ಟಿ ಎಂಜಿನ್ ಉಸಿರುಗಟ್ಟಬಹುದು. ಮಂಜು ಕಾಣದ ನಾಡಿನ ಪೈಲಟ್ ಇದನ್ನು ಮೊದಲ ಸಲ ಕೇಳಿದಾಗ ನಗುತ್ತಾನೆ.

ಭಾರತದಲ್ಲಿ ಹವ್ಯಾಸಿಯ ದಾರಿ ಎಂಜಿನ್ನಿಗಿಂತ ಕಡತಗಳಲ್ಲಿ ಹೆಚ್ಚು ಸೀಜ್ ಆಗುತ್ತದೆ. ಮುಂಬಯಿಯ ಪೈಲಟ್ ಅಮೋಲ್ ಯಾದವ್ ತಮ್ಮ ಮನೆಯ ತಾರಸಿಯ ಮೇಲೆ ಆರು ಆಸನಗಳ ವಿಮಾನ ಕಟ್ಟಿ 2016ರ 'ಮೇಕ್ ಇನ್ ಇಂಡಿಯಾ' ಪ್ರದರ್ಶನದಲ್ಲಿ ಇಟ್ಟಾಗ ದೇಶವೇ ಬೆರಗಾಯಿತು. ನೋಂದಣಿ 2017ರಲ್ಲಿ, ಹಾರಾಟದ ಅನುಮತಿ ಪತ್ರ 2019ರಲ್ಲಿ. ಬೊಗಾರ್ಡಸ್ ವಾಷಿಂಗ್ಟನ್‌ಗೆ ಹಾರಿಹೋದ. ಇಲ್ಲಿ ಅನುಮತಿ ಸಿಗುವವರೆಗೆ ವಿಮಾನ ಮೇಲೇಳುವಂತೆಯೇ ಇರಲಿಲ್ಲ.

ಅಮೆರಿಕದ ಸಾರಿಗೆ ಸುರಕ್ಷತಾ ಮಂಡಳಿ 2012ರಲ್ಲಿ ಹವ್ಯಾಸಿ ವಿಮಾನಗಳ ಅಪಘಾತಗಳನ್ನು ಅಧ್ಯಯನ ಮಾಡಿದಾಗ ಎಂಜಿನ್ ವೈಫಲ್ಯ ಮತ್ತು ಹತೋಟಿ ತಪ್ಪುವಿಕೆ ಮೊದಲ ಸಾಲಿನಲ್ಲಿ ನಿಂತವು. ಹೊಸ ವಿಮಾನದ ಆರಂಭದ ಗಂಟೆಗಳೇ ಅತಿ ಅಪಾಯದವು ಎಂದೂ, ಕಟ್ಟಿದವನಿಂದ ಕೊಂಡ ಎರಡನೇ ಮಾಲೀಕನಿಗೂ ಮೊದಲ ಹಾರಾಟಗಳು ಅಷ್ಟೇ ಕಠಿಣವೆಂದೂ ಅದು ಕಂಡುಕೊಂಡಿತು. ಎಂಜಿನ್ ನಿಂತ ಪ್ರಸಂಗಗಳಲ್ಲಿ ಎಷ್ಟೋ ಸಲ ದೋಷವಿರುವುದು ಎಂಜಿನ್ ತನಕ ಪೆಟ್ರೋಲ್ ಮುಟ್ಟದಿರುವುದರಲ್ಲಿ.

ಅದಕ್ಕಾಗಿ ಒಂದು ಹಳೆಯ ಪರೀಕ್ಷೆ ಉಂಟು. ವಿಮಾನದ ಮುಂದಿನ ಗಾಲಿಗಳನ್ನು ದಿಮ್ಮಿಯ ಮೇಲೆ ಹತ್ತಿಸಿ, ಬಾಲವನ್ನು ತಗ್ಗಿನಲ್ಲಿಳಿಸಿ ಕಟ್ಟಿ, ಮೂಗು ಏರುವ ಹಾರಾಟದಷ್ಟೇ ಎತ್ತರ ನೋಡುವಂತೆ ನಿಲ್ಲಿಸುತ್ತಾರೆ. ಟ್ಯಾಂಕಿನಲ್ಲಿ ತಳ ಮುಚ್ಚುವಷ್ಟು ಮಾತ್ರ ಪೆಟ್ರೋಲ್. ಕಾರ್ಬ್ಯುರೇಟರ್ ಬಾಯಿಯ ಪೈಪು ಕಳಚಿ ಅಳತೆ ಡಬ್ಬಿಗೆ ಬಿಟ್ಟು ಗಡಿಯಾರ ಹಿಡಿಯುತ್ತಾರೆ. ಪೂರ್ತಿ ಶಕ್ತಿಯಲ್ಲಿ ಎಂಜಿನ್ ಕುಡಿಯುವುದಕ್ಕಿಂತ, ಪಂಪ್ ಇದ್ದರೆ ಕಾಲು ಪಾಲು, ತಾನಾಗಿ ಇಳಿದು ಬರುವ ವ್ಯವಸ್ಥೆಯಾದರೆ ಅರ್ಧ ಪಾಲು ಹೆಚ್ಚು ಸುರಿಯಬೇಕು. ವರ್ಷಗಟ್ಟಲೆ ರಿವೆಟ್ ಹೊಡೆದ ಮನುಷ್ಯ ಆ ಸಂಜೆ ಮಂಡಿಯೂರಿ ಕೂತು, ಡಬ್ಬಿಗೆ ಬೀಳುವ ಸಣ್ಣ ಧಾರೆಯನ್ನೇ ನೋಡುತ್ತಾ, ಸೆಕೆಂಡುಗಳನ್ನು ಎಣಿಸುತ್ತಿರುತ್ತಾನೆ.